ಎರಡು ವರ್ಷ ಹತ್ತು ತಿಂಗಳ ನಡತೆ

ಕೃಷ್ಣಾನಂದರು ಗೆಜೆಟೆಡ್ ಅಧಿಕಾರಿಯಾಗಿ ಬಡ್ತಿ ಪಡೆದ ದಿನ ಕೊಚ್ಚಿ ಬಳಿಯ ಆಲುವದ ಮನೆಗೆ ಸಿಹಿತಿಂಡಿ ತರಲಿಲ್ಲ. ಒಂದು ಬಾಟಲಿ ಹಸಿರು ಶಾಯಿ ತಂದರು. ಅದನ್ನು ದೇವರ ಮುಂದಿಟ್ಟು ಕೈಮುಗಿದರು. ಹೆಂಡತಿ ರಾಜೀವಿ ಇದು ಯಾವ ಕ್ಷೇತ್ರದ ತೀರ್ಥ ಎಂದು ಕೇಳಿದರು.

"ತೀರ್ಥ ಅಲ್ಲ. ಅಧಿಕಾರ," ಎಂದರು ಕೃಷ್ಣಾನಂದರು.

ಅವರು ಹೇಳಿದ್ದು ಸುಳ್ಳಲ್ಲ. ಹಸಿರು ಶಾಯಿಯಲ್ಲಿ ಸಹಿ ಹಾಕುವ ಮನುಷ್ಯನಿಗೆ ಭಾರತ ಸರಕಾರ ಕೊಟ್ಟಷ್ಟು ಶಕ್ತಿಯನ್ನು ತಪಸ್ಸು ಮಾಡಿದ ಋಷಿಗೂ ಯಾವ ದೇವರೂ ಕೊಟ್ಟದ್ದಿಲ್ಲ. ಆತ ಒಂದು ಕಾಗದವನ್ನು ನೋಡಿ ಇದು ನಿಜ ಎಂದರೆ ನಿಜ. ಒಬ್ಬ ಮನುಷ್ಯನನ್ನು ನೋಡಿ ಇವನು ಒಳ್ಳೆಯವನು ಎಂದರೆ ಒಳ್ಳೆಯವನು. ಕೆಲಸಕ್ಕೆ ಸೇರಬೇಕೇ, ಪಾಸ್‌ಪೋರ್ಟ್ ಬೇಕೇ, ಹಾಸ್ಟೆಲಿನಲ್ಲಿ ಒಂದು ಮಂಚ ಬೇಕೇ, ಎಲ್ಲದಕ್ಕೂ ಎರಡು ಸಾಲಿನ ಒಂದು ಚೀಟಿ ಇರಲೇಬೇಕು: "ಈತನನ್ನು ನಾನು ಕಳೆದ ಮೂರು ವರ್ಷಗಳಿಂದ ಬಲ್ಲೆ. ನನಗೆ ತಿಳಿದ ಮಟ್ಟಿಗೆ ಈತ ಒಳ್ಳೆಯ ನಡತೆಯವನು." ಕೆಳಗೆ ಹಸಿರು ಸಹಿ, ಮೊಹರು.

ಉಳಿದ ಅಧಿಕಾರಿಗಳು ಈ ಸಹಿಯನ್ನು ಚಹಾ ಕುಡಿಯುತ್ತ, ಫೋನಿನಲ್ಲಿ ಮಾತಾಡುತ್ತ, ಎದುರಿಗಿರುವವನ ಮುಖವನ್ನೂ ನೋಡದೆ ಹಾಕುತ್ತಿದ್ದರು. ನಮ್ಮ ಕೃಷ್ಣಾನಂದರಿಗೆ ಅದು ಸಾಧ್ಯವಾಗಲಿಲ್ಲ. ಅವರು ಅಂಕಿಅಂಶಗಳ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಮೂರು ಎಂದರೆ ಅವರಿಗೆ ಮೂರು. ಎರಡೂ ಮುಕ್ಕಾಲು ಎಂಬುದು ಮೂರರ ಸೋದರಸಂಬಂಧಿಯೂ ಅಲ್ಲ. "ಬಲ್ಲೆ" ಎಂದು ಬರೆಯುವುದಾದರೆ ಬಲ್ಲವನಾಗಿರಬೇಕು. "ಒಳ್ಳೆಯ ನಡತೆ" ಎಂದು ಬರೆಯುವುದಾದರೆ ಆ ನಡತೆಯನ್ನು ನೋಡಿರಬೇಕು. ನೋಡದೆ ಬರೆದರೆ ಎದುರಿಗಿರುವವನ ನಡತೆ ಹೇಗೇ ಇರಲಿ, ಬರೆದವನ ನಡತೆ ಕೆಟ್ಟಿತು.

ಈ ಸಿದ್ಧಾಂತದಿಂದ ಕೊಚ್ಚಿಯ ಕನ್ನಡಿಗರಿಗೆ ಭಾರಿ ಸಂಕಟ ಬಂತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಾಸರಗೋಡಿನ ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು. ಅವರ ಶಾಲೆಯ ಸರ್ಟಿಫಿಕೇಟುಗಳನ್ನು ಮಲಯಾಳಿ ಅಧಿಕಾರಿಗಳು ತಿರುಗಿಸಿ ಮುರುಗಿಸಿ ನೋಡಿ, ತಲೆ ಯಾವುದು ಕಾಲು ಯಾವುದು ತಿಳಿಯದೆ ವಾಪಸು ಕೊಡುತ್ತಿದ್ದರು. ಕನ್ನಡ ಓದಬಲ್ಲ ಹಸಿರು ಶಾಯಿ ಎಂದರೆ ಕೃಷ್ಣಾನಂದರದ್ದು. ಹೀಗಾಗಿ ಎಲ್ಲರೂ ಅವರ ಮನೆಯ ಮೆಟ್ಟಿಲು ಹತ್ತಲೇಬೇಕಾಯಿತು, ಪರೀಕ್ಷೆಗೆ ಕೂರಲೇಬೇಕಾಯಿತು.

ಪರೀಕ್ಷೆಗಳು ಹಲವು ಬಗೆ. ಹಯವದನ ಎಂಬ ವಿಮಾ ಕಂಪೆನಿಯ ಗುಮಾಸ್ತ ಪಾಸ್‌ಪೋರ್ಟಿಗೆ ಸಹಿ ಕೇಳಿ ಬಂದಾಗ ಕೃಷ್ಣಾನಂದರು ಅವನನ್ನೂ ಅವನ ಹೆಂಡತಿಯನ್ನೂ ಒಂದು ಭಾನುವಾರ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೊರಟರು. ಎರ್ನಾಕುಳಂ ಜೆಟ್ಟಿಯಲ್ಲಿ ದೋಣಿಯ ಟಿಕೇಟಿಗೆ ಗಂಡಸರ ಸಾಲು ರಸ್ತೆಯವರೆಗೆ ಇತ್ತು. ಹೆಂಗಸರ ಸಾಲಿನಲ್ಲಿ ನಾಲ್ಕೇ ಮಂದಿ. ಹಯವದನ ಹಿಂದೆ ಮುಂದೆ ನೋಡದೆ ಹೆಂಡತಿಯನ್ನು ಹೆಂಗಸರ ಸಾಲಿಗೆ ಕಳಿಸಿ ಎಲ್ಲರಿಗೂ ಟಿಕೇಟು ತರಿಸಿದ. ಕೃಷ್ಣಾನಂದರ ಹುಬ್ಬು ಮೇಲೇರಿತು. ಹೆಂಗಸರ ಸೌಕರ್ಯವನ್ನು ಗಂಡಸು ಬಳಸಿಕೊಳ್ಳುವುದು ಒಳ್ಳೆಯ ನಡತೆಯೇ ಎಂದು ಅವರು ಒಂದು ವಾರ ಯೋಚಿಸಿದರು.

"ಹನ್ನೊಂದು ವರ್ಷದಿಂದ ನೀವೂ ನನ್ನನ್ನೇ ಕಳಿಸುವುದಲ್ವಾ," ಎಂದು ರಾಜೀವಿ ನೆನಪಿಸಿದ ಮೇಲೆ ಆ ಸಹಿ ಬಿತ್ತು. ಮರುವಾರದಿಂದ ಕೃಷ್ಣಾನಂದರು ಗಂಡಸರ ಸಾಲಿನಲ್ಲೇ ನಿಂತು ಎರಡು ದೋಣಿ ತಪ್ಪಿಸಿಕೊಳ್ಳತೊಡಗಿದರು. ರಾಜೀವಿ ಆಚೆ ದಡದಲ್ಲಿ ಕಾಯತೊಡಗಿದರು.

ವಿಜಯಾ ಎಂಬ ನರ್ಸನ್ನು ಊಟಕ್ಕೆ ಕರೆದು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೇ ಎಂದು ಕೇಳಿದರು. ಆಕೆ ಒಂದು ಗಳಿಗೆ ತಡೆದು, ಹೌದು, ಸ್ವಲ್ಪ ಹೆಚ್ಚಾಗಿದೆ ಎಂದಳು. ಕೃಷ್ಣಾನಂದರು ಎಂಜಲು ಕೈ ತೊಳೆದವರೇ ಸಹಿ ಹಾಕಿದರು. ವಿಜಯಾಳಿಗೆ ಸರ್ಟಿಫಿಕೇಟು ಸಿಕ್ಕಿತು. ರಾಜೀವಿಯ ಮನೆಯಲ್ಲಿ ಮತ್ತೊಂದು ಊಟ ಮಾತ್ರ ಈವರೆಗೂ ಸಿಕ್ಕಿಲ್ಲ.

ಮೂರು ವರ್ಷದಲ್ಲಿ ಸಹಿ ಬಿದ್ದವರು ಒಂಬತ್ತು ಮಂದಿ, ಮರಳಿ ಹೋದವರು ನಲವತ್ತೊಂದು. ಈ ಲೆಕ್ಕವೂ ಕೃಷ್ಣಾನಂದರದ್ದೇ. ಅದನ್ನು ಹೇಳುವಾಗ ಅವರ ದನಿಯಲ್ಲಿ ಒಂದು ಸಣ್ಣ ಚೆಂಡೆ ಮೊಳಗುತ್ತಿತ್ತು.

೧೯೯೪ರ ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ ಅವರ ಬಾಗಿಲಿಗೆ ವಿಠಲ ಬಂದ.

ಕೃಷ್ಣಾನಂದರ ಕಚೇರಿ ಕೊಚ್ಚಿಯ ಪಾಲಾರಿವಟ್ಟದಲ್ಲಿ. ಶಾಲೆಯಲ್ಲಿ ಟೀಚರಾಗಿದ್ದ ರಾಜೀವಿ ಬೆಳಿಗ್ಗೆ ಏಳೂವರೆಗೇ ಮನೆ ಬಿಡುವುದರಿಂದ ಬುತ್ತಿಯ ಪ್ರಶ್ನೆ ಇರಲಿಲ್ಲ. ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಒಂದು ಮೆಸ್ಸು, ಅಲ್ಲಿ ಕುಂಬಳೆಯ ವಿಠಲ ಅಡುಗೆಯವ, ಬಡಿಸುವವನೂ ಅವನೇ. ಕೊಚ್ಚಿಯ ಮಧ್ಯಾಹ್ನಗಳಲ್ಲಿ ಊರಿನ ಸೌತೆಕಾಯಿ ಮಜ್ಜಿಗೆಹುಳಿ ಸಿಗುವ ಒಂದೇ ಜಾಗ ಅದು. ಕೃಷ್ಣಾನಂದರು ದಿನಾ ಒಂದೂಕಾಲಿಗೆ ಹೋಗಿ, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದರು.

ವಿಠಲನ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದ, ಇನ್ನೊಂದರಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ.

"ಇದು ಲಂಚ," ಎಂದರು ಕೃಷ್ಣಾನಂದರು.

"ಇದು ಹಪ್ಪಳ," ಎಂದು ರಾಜೀವಿ ಅದನ್ನು ಒಳಗೆ ತೆಗೆದುಕೊಂಡು ಹೋದರು.

ವಿಠಲ ಬಂದ ಸಂಗತಿ ಇಷ್ಟು. ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆ, ಅದರ ಕ್ಯಾಂಟೀನಿಗೆ ಅಡುಗೆಯವನ ಖಾಯಂ ಹುದ್ದೆ, ಆರಿಸಿದ್ದು ವಿಠಲನನ್ನು. ಸೋಮವಾರ ಪೂರ್ವಾಹ್ನದೊಳಗೆ ಹಾಜರಾಗಬೇಕು. ತಪ್ಪಿದರೆ ಕೆಲಸ ಪಟ್ಟಿಯಲ್ಲಿರುವ ಎರಡನೆಯವನಿಗೆ.

"ನನಗೆ ವಯಸ್ಸೂ ದಾಟ್ತದೆ ಸಾರ್. ಇನ್ನೊಮ್ಮೆ ಅರ್ಜಿ ಹಾಕ್ಲಿಕ್ಕೆ ಬರುವುದಿಲ್ಲ. ಹೆಂಡತಿ, ಮಗಳು ಊರಲ್ಲಿ. ನಾನಿಲ್ಲಿ ಮೆಸ್ಸಿನ ಬೆಂಚಿನ ಮೇಲೆ ಮಲಗುವುದು ಆರು ವರ್ಷ ಆಯ್ತು. ಈ ಕೆಲಸಕ್ಕೆ ಕ್ವಾರ್ಟರ್ಸ್ ಉಂಟಂತೆ, ಅವರನ್ನು ಕರ್ಕೊಂಡು ಬರಬಹುದು."

ನಡತೆಯ ಸರ್ಟಿಫಿಕೇಟು ಎರಡು ಬೇಕಿತ್ತು. ಒಂದು ಆಗಿತ್ತು. ಮೆಸ್ಸಿಗೆ ಹಾಲು ಕೊಡುವವರ ಹಟ್ಟಿಗೆ ಬರುವ ಸರಕಾರಿ ಪಶುವೈದ್ಯರು ಅದನ್ನು ದನದ ಬೆನ್ನ ಮೇಲೆಯೇ ಇಟ್ಟು ಸಹಿ ಹಾಕಿಕೊಟ್ಟಿದ್ದರು. ಮೂರು ವರ್ಷದಿಂದ ಅವರು ಬಲ್ಲದ್ದು ದನವನ್ನೇ ಇರಬಹುದು, ಆದರೆ ಪಶುವೈದ್ಯರ ಆತ್ಮಸಾಕ್ಷಿ ಪಶುವೈದ್ಯರಿಗೆ ಸೇರಿದ್ದು. ಎರಡನೆಯದು ಬಾಕಿ. ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ, ಕೇರಳದ ಸಮಸ್ತ ಹಸಿರು ಶಾಯಿಯೂ ರಜೆಯ ಮೇಲೆ.

ಕೃಷ್ಣಾನಂದರು ಅವನ ಕನ್ನಡ ಶಾಲೆಯ ಸರ್ಟಿಫಿಕೇಟಿನ ನಕಲನ್ನು ಸಂತೋಷದಿಂದ ದೃಢೀಕರಿಸಿದರು. ಆಮೇಲೆ ಕಪಾಟಿನಿಂದ ಒಂದು ಹಳೆಯ ಡೈರಿ ತೆಗೆದರು. ಅವರ ಕಚೇರಿ ಪಾಲಾರಿವಟ್ಟಕ್ಕೆ ಬಂದದ್ದು ೧೯೯೧ರ ಆಗಸ್ಟ್ ಹನ್ನೆರಡು, ಸೋಮವಾರ. ಅಂದೇ ಅವರು ಮೆಸ್ಸಿನಲ್ಲಿ ಮೊದಲ ಊಟ ಮಾಡಿದ್ದು.

"ಎರಡು ವರ್ಷ, ಒಂಬತ್ತು ತಿಂಗಳು, ಇಪ್ಪತ್ತೊಂಬತ್ತು ದಿನ," ಎಂದರು. "ಮೂರು ವರ್ಷ ಆಗಲಿಲ್ಲ. ನೀನು ಆಗಸ್ಟ್ ಹನ್ನೆರಡಕ್ಕೆ ಬಾ."

ವಿಠಲ ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಒಳಗಿನಿಂದ ರಾಜೀವಿ ಬಂದರು.

"ಎಂತ ಹೇಳುವುದು ನೀವು? ಆಗಸ್ಟಿಗೆ ಬಂದ್ರೆ ಅಲ್ಲಿ ಬೇರೆ ಯಾರೋ ತೆಂಗಿನಕಾಯಿ ತುರೀತಾ ಇರ್ತಾನೆ. ಈ ಎರಡು ತಿಂಗಳಲ್ಲಿ ಇವ ಕಳ್ಳ ಆಗ್ತಾನಾ?"

"ಪ್ರಶ್ನೆ ಇವನ ನಡತೆಯದ್ದಲ್ಲ. ನನ್ನದು. ಮೂರು ವರ್ಷ ಅಂತ ಬರೆದ್ರೆ ನಾನು ಸುಳ್ಳ ಆದೆ."

ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ನಿಶ್ಮಿತಾ ಪುಸ್ತಕದಿಂದ ತಲೆ ಎತ್ತದೆ, "ಒನ್ನ್ ಒಪ್ಪಿಟ್ಟ್ ಕೊಡುಕ್ಕಪ್ಪಾ," ಎಂದು ಮಲಯಾಳದಲ್ಲಿ ಗೊಣಗಿದಳು. ಒಂದು ಸಹಿ ಹಾಕಿ ಕೊಡಬಾರದೇ ಎಂಬುದು ಅವಳ ಅಭಿಪ್ರಾಯ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಅಪ್ಪ ಮಾತ್ರ ಯಾವ ಭಾಷೆಯಲ್ಲೂ ಅರ್ಥವಾಗಿರಲಿಲ್ಲ.

ರಾಜೀವಿ ಕುರ್ಚಿ ಎಳೆದು ಕೂತರು. ತರಗತಿಯ ಹಿಂದಿನ ಬೆಂಚಿನವರೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದರು: "ಸುಳ್ಳು ಬರೀಬೇಡಿ. ನಿಜವನ್ನೇ ಬರೀರಿ, ಎಷ್ಟು ದಿನ ಗೊತ್ತೋ ಅಷ್ಟೇ ಬರೀರಿ. ಆದ್ರೆ ನಿಮ್ಮ ನಿಜದ ಭಾರ ಇವ ಯಾಕೆ ಹೊರಬೇಕು? ನೀವೇ ಹೊತ್ಕೊಂಡು ಇವನ ಜೊತೆ ತಿರುವನಂತಪುರಕ್ಕೆ ಹೋಗಿ. ಅಲ್ಲಿ ಕೂತವರಿಗೆ ನೀವೇ ವಿವರಿಸಿ. ದೊಡ್ಡ ಅಧಿಕಾರಿ ಅಲ್ವಾ."

ಕೃಷ್ಣಾನಂದರು ಡೈರಿ ಮುಚ್ಚಿಟ್ಟು ರೈಲಿನ ವೇಳಾಪಟ್ಟಿ ಹುಡುಕತೊಡಗಿದರು.

ಭಾನುವಾರ ಮಧ್ಯಾಹ್ನ ಎರ್ನಾಕುಳಂ ಸ್ಟೇಶನ್ನಿನಲ್ಲಿ ಅವರು ಕಾಣಿಸಿಕೊಂಡದ್ದು ಯಕ್ಷಗಾನದ ರಾಜವೇಷ ರಂಗಕ್ಕೆ ಬರುವ ಗತ್ತಿನಲ್ಲಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಹಸಿರು ಪೆನ್ನು, ಕೈಚೀಲದಲ್ಲಿ ಮೊಹರು, ಮೊಹರಿನ ದಿಂಬು, ಇಪ್ಪತ್ತು ಹಾಳೆ ಬಿಳಿ ಕಾಗದ. ರೈಲು ಹೊರಟಿತು. ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿಯ ಷಟರು ಇಳಿಸಿ, ಎದುರು ಬದುರು ಕೂತರು.

"ನೋಡು ವಿಠಲ," ಎಂದರು. "ನಾನು ಬರೆಯುವುದು ಎರಡು ಸಾಲಿನ ಚೀಟಿ ಅಲ್ಲ. ಮೂರು ವರ್ಷಕ್ಕೆ ಎರಡು ತಿಂಗಳು ಕಡಿಮೆ ಉಂಟಲ್ಲ, ಆ ಕೊರತೆಯನ್ನು ವಿವರದಿಂದ ತುಂಬಬೇಕು. ಕೇಳಿದ್ದಕ್ಕೆ ಸರಿಯಾಗಿ ಹೇಳು. ಕುಡೀತೀಯಾ?"

"ಇಲ್ಲ ಸಾರ್."

"ಬಸ್ಸಲ್ಲಿ ಟಿಕೇಟು?"

"ತಗೊಳ್ತೇನೆ."

"ಸುಳ್ಳು ಹೇಳ್ತೀಯಾ?"

ಇದು ಕೃಷ್ಣಾನಂದರು ಐವತ್ತು ಮಂದಿಗೆ ಕೇಳಿದ ಪ್ರಶ್ನೆ. ಐವತ್ತು ಮಂದಿಯೂ ಇಲ್ಲ ಎಂದಿದ್ದರು. ವಿಠಲ ಹೇಳಿದ, "ಹೇಳ್ತೇನೆ ಸಾರ್."

ಕೃಷ್ಣಾನಂದರು ಪೆನ್ನಿನ ಮುಚ್ಚಳ ತೆಗೆದರು. "ಯಾವಾಗ?"

"ಮಂಗಳವಾರ. ಮತ್ತೆ ಶುಕ್ರವಾರ."

"ಸುಳ್ಳಿಗೂ ವಾರ ಗೊತ್ತುಮಾಡಿದ್ದೀಯಾ ಮಾರಾಯ?"

"ಆ ಎರಡು ದಿನ ಮಜ್ಜಿಗೆಹುಳಿ ಅಲ್ವಾ ಸಾರ್."

"ಮಜ್ಜಿಗೆಹುಳಿಗೂ ಸುಳ್ಳಿಗೂ ಎಂತ ಸಂಬಂಧ? ಯಾರಿಗೆ ಹೇಳುವುದು?"

ವಿಠಲ ಷಟರಿನ ಕಡೆ ನೋಡಿದ. ಅಲ್ಲಿ ನೋಡಲು ಏನೂ ಇರಲಿಲ್ಲ. "ನಿಮಗೆ," ಎಂದ.

ಪಕ್ಕದಲ್ಲಿ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತಿದ್ದ ಹೆಂಗಸೊಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಿನ್ನುವುದನ್ನು ನಿಲ್ಲಿಸಿದರು.

ಹನಿಹನಿಯಾಗಿ ಹೊರಬಂದ ಸತ್ಯ ಹೀಗಿತ್ತು. ಕೃಷ್ಣಾನಂದರು ಮಜ್ಜಿಗೆಹುಳಿಯ ದಿನ ಮೊದಲೊಮ್ಮೆ ಬಡಿಸಿಕೊಳ್ಳುತ್ತಾರೆ. ಎರಡನೇ ಸಲ ಕೇಳುತ್ತಾರೆ, ವಿಠಲ ಬಡಿಸುತ್ತಾನೆ. ಮೂರನೇ ಸಲ ಕೇಳುತ್ತಾರೆ, ಆಗ ವಿಠಲ "ಮುಗೀತು ಸಾರ್" ಎನ್ನುತ್ತಾನೆ. ಮುಗಿದಿರುವುದಿಲ್ಲ. ಪಾತ್ರೆಯ ತಳದಲ್ಲಿ ಎರಡು ಸೌಟು ಇರುತ್ತದೆ. ಅದು ಜಯಣ್ಣನಿಗೆ. ಜಯಣ್ಣ ತುಮಕೂರು ಕಡೆಯವ, ಜಂಕ್ಷನ್ನಿನ ಬ್ಯಾಂಕೊಂದರ ಕಾವಲುಗಾರ. ವ್ಯವಹಾರ ಮುಗಿದು ಬಾಗಿಲು ಮುಚ್ಚುವ ತನಕ ಅವನು ಜಾಗ ಬಿಡುವಂತಿಲ್ಲ. ಅವನು ಉಣ್ಣಲು ಬರುವಾಗ ಎರಡೂವರೆ.

"ಮೊದಲು ಕೆಲವು ದಿನ ನಿಮಗೆ ಬಡಿಸಿದೆ ಸಾರ್. ಅವ ಬಂದು ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದು ಹೋದ. ಒಂದು ಮಾತೂ ಹೇಳಲಿಲ್ಲ. ಹೇಳಿದ್ರೆ ನನಗೆ ಅಷ್ಟು ಬೇಜಾರಾಗ್ತಿರ್ಲಿಲ್ಲ."

"ಒಬ್ಬರು ಬರ್ಲಿಕ್ಕುಂಟು ಅಂತ ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ದೆ ಸಾರ್. ಮೊದಲನೇ ತಿಂಗಳು. 'ಅವರು ಬಂದಾಗ ನೋಡುವಾ, ನೀನು ಬಡಿಸು' ಅಂದ್ರಿ."

ಕೊಟ್ಟಾಯಂ ಬಂತು, ಹೋಯಿತು. ಕೃಷ್ಣಾನಂದರ ಹಾಳೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಅವರ ಮನಸ್ಸು ಅಭ್ಯಾಸಬಲದಿಂದ ಲೆಕ್ಕ ಹಾಕುತ್ತಿತ್ತು. ವಾರಕ್ಕೆರಡು, ನೂರ ನಲವತ್ತೆಂಟು ವಾರ, ರಜೆ, ಹಬ್ಬ, ಜ್ವರ ಕಳೆದರೆ ಇನ್ನೂರ ಅರವತ್ತು. ಇನ್ನೂರ ಅರವತ್ತು ಸಲ ಒಬ್ಬ ಮನುಷ್ಯ ಅವರ ಮುಖ ನೋಡಿ ಸುಳ್ಳು ಹೇಳಿದ್ದ, ಇನ್ನೂರ ಅರವತ್ತು ಸಲವೂ ಅವರು ನಂಬಿದ್ದರು. ಬಸ್ಸಿನ ಟಿಕೇಟಿನಲ್ಲಿ, ದೋಣಿಯ ಸಾಲಿನಲ್ಲಿ, ಪಲ್ಯದ ಉಪ್ಪಿನಲ್ಲಿ ಕೊಚ್ಚಿಯ ಸಮಸ್ತರ ನಡತೆಯನ್ನು ಸೋಸಿ ನೋಡಿದ ಮಹಾನುಭಾವರು ತಮ್ಮ ಎಲೆಯೊಂದನ್ನು ಮಾತ್ರ ನೋಡಿಕೊಂಡಿರಲಿಲ್ಲ.

ತಿರುವನಂತಪುರದ ತಂಬಾನೂರಿನಲ್ಲಿ ಒಂದು ಲಾಡ್ಜು ಹಿಡಿದು, ಸಂಜೆಯ ಬೆಳಕು ಇರುವಾಗಲೇ ಕೃಷ್ಣಾನಂದರು ಮೇಜಿಗೆ ಕೂತರು. ಮೊದಲ ಕರಡಿನಲ್ಲಿ "ಈತ ಸುಳ್ಳು ಹೇಳುವವನಲ್ಲ" ಎಂದು ಬರೆದರು. ಅದು ಸುಳ್ಳು, ಹರಿದರು. ಎರಡನೆಯದರಲ್ಲಿ "ಈತ ವಾರಕ್ಕೆರಡು ಸಲ ಸುಳ್ಳು ಹೇಳುತ್ತಾನೆ" ಎಂದು ಬರೆದರು. ಅದು ನಿಜ, ಆದರೆ ಅದನ್ನು ಹಿಡಿದುಕೊಂಡು ಹೋದರೆ ವಿಠಲ ಕ್ಯಾಂಟೀನಿನ ಬಾಗಿಲನ್ನೂ ನೋಡಲಾರ. ಮೂರನೆಯದರಲ್ಲಿ "ಪರರ ಹಿತಕ್ಕಾಗಿ" ಎಂದು ಸೇರಿಸಿದರು. ಯಾವ ಪರರು, ಯಾವ ಹಿತ, ಯಾರಿಂದ ಕಾಪಾಡುವ ಹಿತ ಎಂದು ಓದಿದವರು ಕೇಳದಿರುತ್ತಾರೆಯೇ? ಉತ್ತರ ಒಂದೇ ಇತ್ತು. ಅದನ್ನು ಬರೆದರೆ ಕೆಳಗೆ ಅವರ ಹೆಸರು, ಹುದ್ದೆ, ಹಸಿರು ಸಹಿ, ದುಂಡು ಮೊಹರು ಬೀಳಬೇಕು. ಕೇಂದ್ರ ಸರಕಾರದ ಕಡತದಲ್ಲಿ ಒಬ್ಬ ಗೆಜೆಟೆಡ್ ಅಧಿಕಾರಿಯ ಹೊಟ್ಟೆಬಾಕತನ ಶಾಶ್ವತವಾಗಿ ನೆಲೆಸಬೇಕು.

ಮಂಚದ ತುದಿಯಲ್ಲಿ ಕೂತ ವಿಠಲನಿಗೆ ನೋಡಿ ನೋಡಿ ಪಾಪ ಅನ್ನಿಸಿತು. "ಸಾರ್, ಸುಳ್ಳಿನ ಮಾತನ್ನೇ ಬಿಟ್ಟುಬಿಡಿ. ಯಾರು ಕೇಳ್ತಾರೆ?"

"ನಾನು ಕೇಳಿಯಾಯ್ತಲ್ಲ," ಎಂದರು ಕೃಷ್ಣಾನಂದರು. "ಕೇಳುವ ಮೊದಲಾದ್ರೆ ಬಿಡಬಹುದಿತ್ತು."

"ಕೇಳದಿದ್ರೆ ಒಳ್ಳೇದಿತ್ತು."

"ಅದು ಹೌದು."

ವಿಠಲನೇ ಮತ್ತೆ ಮಾತೆತ್ತಿದ. "ನನ್ನ ಕೆಲಸ ಆದ್ರೆ ನಿಮಗೆ ಮಧ್ಯಾಹ್ನ ಕಷ್ಟ ಆಗ್ತದೆ ಸಾರ್. ಆ ಓಣಿಯಲ್ಲಿ ಬೇರೆ ಎಲ್ಲಿಯೂ ನಮ್ಮ ಕಡೆಯ ಊಟ ಇಲ್ಲ. ಅದೇ ನನಗೆ ಬೇಜಾರು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಕೃಷ್ಣಾನಂದರ ಪೆನ್ನು ಗಾಳಿಯಲ್ಲೇ ನಿಂತಿತು. ಶುಕ್ರವಾರ ಸಂಜೆ "ಆಗಸ್ಟ್ ಹನ್ನೆರಡಕ್ಕೆ ಬಾ" ಎಂದದ್ದು ಯಾರು? ಮೂರು ಎಂಬ ಅಂಕಿಯ ಮೇಲಿನ ಭಕ್ತಿಯೇ? ಅಥವಾ ಅದರ ಬೆನ್ನ ಹಿಂದೆ ಅಡಗಿಕೊಂಡು, ಇನ್ನೆರಡು ತಿಂಗಳ ಮಜ್ಜಿಗೆಹುಳಿಗೆ ಬಾಯಿ ತೆರೆದು ಕೂತ ಇನ್ಯಾರಾದರೂ? ಅವರು ತಮ್ಮೊಳಗಿನ ಆ ಇನ್ಯಾರನ್ನೋ ಎದುರಿಗೆ ಕೂರಿಸಿ, ಬೇರೆಯವರನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ ಪ್ರಶ್ನಿಸಿದರು. ಆತ ಇಲ್ಲ ಎಂದ. ಐವತ್ತು ಮಂದಿಯ "ಇಲ್ಲ" ಕೇಳಿದ ಅನುಭವಿಗೆ ಆ "ಇಲ್ಲ" ಅಷ್ಟೇನೂ ಹಿಡಿಸಲಿಲ್ಲ.

ಅವರು ಹೊಸ ಹಾಳೆ ತೆಗೆದುಕೊಂಡರು. ನಾಲ್ಕನೆಯ ಕರಡು ಒಂದೇ ಉಸಿರಿಗೆ ಇಳಿಯಿತು.

ಸೋಮವಾರ ಹತ್ತೂಕಾಲಿಗೆ ಸಂಸ್ಥೆಯ ಆಡಳಿತ ವಿಭಾಗದಲ್ಲಿ ಏಲಿಯಾಮ್ಮ ಎಂಬ ಅಧಿಕಾರಿಯ ಮೇಜಿನ ಮುಂದೆ ಇಬ್ಬರೂ ನಿಂತಿದ್ದರು. ಏಲಿಯಾಮ್ಮ ಕನ್ನಡಕದ ಮೇಲಿನಿಂದ ನೋಡುವ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಂಗಸು. ಪಶುವೈದ್ಯರ ಟೈಪ್ ಮಾಡಿದ ಚೀಟಿಯನ್ನು ಅವರು ನೋಡಿದ್ದು ಅರ್ಧ ಕ್ಷಣ. ಹಸಿರಾಗಿದೆ, ಸರಿ, ಕಡತದೊಳಗೆ. ಎರಡನೆಯದನ್ನು ತೆಗೆದುಕೊಂಡರು. ಇಂಗ್ಲಿಷಿನಲ್ಲಿ ಒತ್ತಾಗಿ ಬರೆದ ನಾಲ್ಕು ಪುಟ.

"ಎಂತಾ ಸಾರೇ ಇದು?" ಎಂದು ಮಲಯಾಳದಲ್ಲಿ ಕೇಳಿದರು.

"ನಡತೆಯ ಸರ್ಟಿಫಿಕೇಟು," ಎಂದರು ಕೃಷ್ಣಾನಂದರು ತಮ್ಮ ಕಚೇರಿಯ ಮಲಯಾಳದಲ್ಲಿ.

ಏಲಿಯಾಮ್ಮ ಓದತೊಡಗಿದರು. ಒಂದನೇ ಪುಟದ ನಡುವಿನಲ್ಲಿ ಕನ್ನಡಕ ಸರಿಪಡಿಸಿಕೊಂಡರು. ಎರಡನೇ ಪುಟಕ್ಕೆ ಬರುವಾಗ ಪಕ್ಕದ ಮೇಜಿನವರೂ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರು.

ಅದರಲ್ಲಿ ಇದ್ದದ್ದರ ಸಾರ ಇದು: "ವಿಠಲ ಎಂಬ ಈತನನ್ನು ನಾನು ಎರಡು ವರ್ಷ ಹತ್ತು ತಿಂಗಳು ಒಂದು ದಿನದಿಂದ ಬಲ್ಲೆ. ನಿಜ ಹೇಳುವುದಾದರೆ ಇಷ್ಟು ಕಾಲ ಬಲ್ಲದ್ದು ಈತನ ಅಡುಗೆಯನ್ನು. ಈತನನ್ನು ಬಲ್ಲದ್ದು ನಿನ್ನೆ ಮಧ್ಯಾಹ್ನದಿಂದ. ಈ ಅವಧಿಯಲ್ಲಿ ಈತ ನನಗೆ ಸುಮಾರು ಇನ್ನೂರ ಅರವತ್ತು ಸುಳ್ಳು ಹೇಳಿದ್ದಾನೆ. ಎಲ್ಲವೂ ಒಂದೇ ಸುಳ್ಳು, ಪದಾರ್ಥ ಮುಗಿಯಿತು ಎಂಬುದು. ತಡವಾಗಿ ಊಟಕ್ಕೆ ಬರುವ ಒಬ್ಬ ಕಾವಲುಗಾರನ ಪಾಲನ್ನು ನನ್ನಿಂದ ಉಳಿಸಲು ಈ ಸುಳ್ಳು ಅಗತ್ಯವಾಯಿತು. ನಾನು ಮೂರನೆಯ ಸಲ ಕೇಳುತ್ತಿದ್ದೆ, ನನ್ನ ನಂತರ ಯಾರು ಉಣ್ಣಬೇಕೆಂದು ಕೇಳುತ್ತಿರಲಿಲ್ಲ. ಆದ್ದರಿಂದ ಈ ಸುಳ್ಳುಗಳ ಹೊಣೆಯಲ್ಲಿ ಅರ್ಧ ನನ್ನದು. ಈತ ಆ ಎರಡು ಸೌಟನ್ನು ತಾನು ಒಂದು ದಿನವೂ ಉಂಡಿಲ್ಲವೆಂದು ಕೇಳಿ ತಿಳಿದಿದ್ದೇನೆ. ನನಗೆ ತಿಳಿದ ಮಟ್ಟಿಗೆ ಈತ ಒಳ್ಳೆಯ ನಡತೆಯವನು. ಬರೆದವನ ನಡತೆಯ ಬಗ್ಗೆ ಸಂಸ್ಥೆಯು ಬೇರೊಬ್ಬ ಅಧಿಕಾರಿಯನ್ನು ವಿಚಾರಿಸುವುದು ಉಚಿತ."

ಹಿಂದಿನಿಂದ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಕೃಷ್ಣಾನಂದರಿಗೂ ಗೊತ್ತಾಯಿತು.

"ಇಪ್ಪತ್ತಾರು ವರ್ಷ ಸಾರೇ," ಎಂದರು ಏಲಿಯಾಮ್ಮ. "ಇಂಥ ಸರ್ಟಿಫಿಕೇಟು ಸಾವಿರ ಬಂದಿರಬೇಕು ಈ ಮೇಜಿಗೆ. ಓದಿದ್ದು ಇದೊಂದೇ."

"ಆಗ್ತದಾ?" ಎಂದು ವಿಠಲ ಕೇಳಿದ.

"ಮೂರು ವರ್ಷ ಅಂತ ಇರಬೇಕಲ್ಲ ಮೋನೇ. ಎಲ್ಲರೂ ಮೂರು ಅಂತಲೇ ಬರೆಯುವುದು. ಸಾರ್ ಒಂದು ಅಂಕಿ ಬದಲಿಸಿದರೆ ಈಗಲೇ ಮುಗಿಯಿತು." ಅವರು ತಮ್ಮ ಪೆನ್ನನ್ನೇ ಕೃಷ್ಣಾನಂದರ ಕಡೆ ಚಾಚಿದರು.

ಗಡಿಯಾರದಲ್ಲಿ ಹತ್ತೂಮುಕ್ಕಾಲು. ಕೃಷ್ಣಾನಂದರು ಪೆನ್ನನ್ನು ನೋಡಿದರು, ವಿಠಲನನ್ನು ನೋಡಿದರು. ವಿಠಲ ಅವರ ಕಡೆ ನೋಡಲೇ ಇಲ್ಲ, ಬೇಡಿಕೊಳ್ಳಲೂ ಇಲ್ಲ. ಕೊನೆಗೆ ಕೃಷ್ಣಾನಂದರು ಕೇಳಿದ್ದು ಅಂಕಿಅಂಶದ ಮನುಷ್ಯ ಮಾತ್ರ ಕೇಳಬಹುದಾದ ಪ್ರಶ್ನೆ.

"ಮೂರು ವರ್ಷ ಅಂತ ಎಲ್ಲಿ ಬರೆದಿದೆ ಮೇಡಂ? ಆ ನಿಯಮ ಒಮ್ಮೆ ನೋಡಬಹುದೇ?"

ಎಲ್ಲಿ ಬರೆದಿದೆ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಏಲಿಯಾಮ್ಮ ಎದ್ದು ಕಪಾಟು ತೆರೆದರು. ಧೂಳು ಹಾರಿತು. ಒಂದು ನಿಯಮಪುಸ್ತಕ ಬಂತು, ಅದಲ್ಲ. ಇನ್ನೊಂದು ಬಂತು, ಅದರ ಪುಟಗಳಲ್ಲಿ ಹುಳ ದಾರಿ ಮಾಡಿಕೊಂಡಿತ್ತು. ಹನ್ನೊಂದೂಕಾಲಿಗೆ ಬೇಕಾದ ಸಾಲು ಸಿಕ್ಕಿತು. ಏಲಿಯಾಮ್ಮ ಎರಡು ಸಲ ಓದಿಕೊಂಡರು. ಸಹಿ ಹಾಕುವ ಅಧಿಕಾರಿ ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲೆನೆಂಬುದನ್ನು ನಮೂದಿಸತಕ್ಕದ್ದು. ಅಷ್ಟೇ. ಮೂರು ಎಂಬುದು ಅಲ್ಲಿ ಇರಲೇ ಇಲ್ಲ. ಎಂದೋ ಯಾವನೋ ಟೈಪಿಸ್ಟ್ ಮಾದರಿ ಫಾರ್ಮಿನಲ್ಲಿ ಮೂರು ಎಂದು ಹೊಡೆದಿದ್ದ, ಕೇರಳ ಪೂರ್ತಿ ಅದನ್ನು ವೇದವಾಕ್ಯ ಎಂದು ನಂಬಿತ್ತು. ಕೃಷ್ಣಾನಂದರು ಮೂರು ವರ್ಷ ಯಾವ ಅಂಕಿಯ ಕೋಟೆ ಕಾದಿದ್ದರೋ ಆ ಕೋಟೆಯೊಳಗೆ ರಾಜನೇ ಇರಲಿಲ್ಲ. ಮರಳಿ ಹೋದ ನಲವತ್ತೊಂದು ಮಂದಿಯಲ್ಲಿ ಎಷ್ಟು ಮಂದಿ ಬರೀ ಈ ಮೂರಕ್ಕಾಗಿ ಹೋಗಿದ್ದರೆಂದು ಎಣಿಸಲು ಹೊರಟು, ಹನ್ನೆರಡಕ್ಕೆ ನಿಲ್ಲಿಸಿದರು. ಮುಂದೆ ಎಣಿಸಲು ಧೈರ್ಯ ಸಾಲಲಿಲ್ಲ.

"ಇದು ನಡೀತದೆ," ಎಂದರು ಏಲಿಯಾಮ್ಮ. "ಎರಡು ವರ್ಷ ಹತ್ತು ತಿಂಗಳು ಒಂದು ದಿನ. ಪುಣ್ಯಕ್ಕೆ ಗಂಟೆ ಬರೆದಿಲ್ಲ."

ವಿಠಲ ಚೀಲದಿಂದ ಉಳಿದ ಕಾಗದಗಳನ್ನು ಹೊರತೆಗೆಯತೊಡಗಿದ.

"ಆದರೆ ಕೈಬರಹ ಆಗುವುದಿಲ್ಲ. ಮೂರು ಪ್ರತಿ ಟೈಪ್ ಆಗಬೇಕು, ಹನ್ನೆರಡರೊಳಗೆ. ಆಮೇಲೆ ಬಂದರೆ ಇವನು ಅಪರಾಹ್ನ ಸೇರಿದ ಹಾಗೆ, ನನ್ನ ಕೈಯಲ್ಲಿಲ್ಲ. ತಂಗಮಣೀ, ತಗೋ."

ತಂಗಮಣಿ ಎಂಬ ಟೈಪಿಸ್ಟಿನ ಬೆರಳುಗಳು ಮಳೆಯ ಹಾಗೆ ಓಡಿದವು. ಕೃಷ್ಣಾನಂದರ ಅಕ್ಷರ ಅವಳಿಗೆ ಅರ್ಥವಾಗದ್ದರಿಂದ ಅವರು ಪಕ್ಕದಲ್ಲಿ ನಿಂತು ಓದಿ ಹೇಳಿದರು. ತಮ್ಮ ಹೊಟ್ಟೆಯ ಚರಿತ್ರೆಯನ್ನು ತಾವೇ, ಗಟ್ಟಿಯಾಗಿ, ಅಲ್ಪವಿರಾಮ ಪೂರ್ಣವಿರಾಮ ಸಹಿತ. ವಿಭಾಗದ ಹದಿನಾಲ್ಕು ಮಂದಿ ಕೆಲಸ ನಿಲ್ಲಿಸಿ ಕೇಳಿದರು. ಹನ್ನೊಂದು ಐವತ್ತಕ್ಕೆ, ನಡುವೆ ಕಾರ್ಬನ್ ಇಟ್ಟ ಕೊನೆಯ ಹಾಳೆಯೂ ಯಂತ್ರದಿಂದ ಹೊರಬಂತು.

ಕೃಷ್ಣಾನಂದರು ಸಹಿ ಹಾಕುವ ಮೊದಲು ಓದಿದರು. ಎರಡನೇ ಪುಟದಲ್ಲಿ ನಿಂತರು.

"ಇಲ್ಲಿ ತಪ್ಪಾಗಿದೆ. 'ಎರಡನೆಯ ಸಲ ಕೇಳುತ್ತಿದ್ದೆ' ಅಂತ ಬಂದಿದೆ."

ತಂಗಮಣಿ ತಲೆ ತಗ್ಗಿಸಿದಳು. "ತಪ್ಪಲ್ಲ ಸಾರ್. ನಾನೇ ಹಾಗೆ ಹೊಡೆದೆ. ಎರಡು ಸಲ ಎಲ್ಲರೂ ಕೇಳ್ತಾರೆ. ಮೂರು ಅಂತ ಫೈಲಲ್ಲಿ ಇದ್ದರೆ ಸಾರಿಗೆ ಒಂದು ಕುರಚ್ಚಿಲ್ ಅಲ್ವಾ."

ಅವಮಾನವಾಗಬಾರದೆಂದು ಗುರುತಿಲ್ಲದ ಒಬ್ಬ ಹುಡುಗಿ ತಾನಾಗಿ ಮಾಡಿದ ಉಪಕಾರ. ಕೃಷ್ಣಾನಂದರಿಗೆ ಅದು ಅರ್ಥವಾಯಿತು. ಕಣ್ಣು ಸ್ವಲ್ಪ ಒದ್ದೆಯೂ ಆಯಿತು.

"ಬಿಡಿ ಸಾರ್, ಎರಡೇ ಇರ್ಲಿ," ಎಂದ ವಿಠಲ. "ಗಂಟೆ ಹನ್ನೆರಡಾಗ್ತಾ ಬಂತು."

"ಎರಡು ಅಂತ ಇದ್ರೆ ನಿನ್ನ ಸುಳ್ಳಿಗೆ ಕಾರಣ ಇಲ್ಲದ ಹಾಗೆ ಆಗ್ತದೆ," ಎಂದರು ಕೃಷ್ಣಾನಂದರು. "ಎರಡನೆಯ ಸಲಕ್ಕೆ ನೀನು ಬಡಿಸಿದ್ದೀ. ಮೂರನೆಯದಕ್ಕೆ ಇಲ್ಲ ಅಂದದ್ದು. ನಿನ್ನ ಒಳ್ಳೇತನ ಇರುವುದೇ ಆ ಮೂರರಲ್ಲಿ."

ಹನ್ನೊಂದು ಐವತ್ತಾರು. ಮತ್ತೆ ಟೈಪ್ ಮಾಡಲು ಸಮಯವಿರಲಿಲ್ಲ. ಅವರು ಬಗ್ಗಿ, ಮೂರೂ ಪ್ರತಿಯಲ್ಲಿ "ಎರಡನೆಯ" ಎಂಬುದಕ್ಕೆ ಗೆರೆ ಎಳೆದು, ಮೇಲೆ ದಪ್ಪ ಅಕ್ಷರದಲ್ಲಿ "ಮೂರನೆಯ" ಎಂದು ಬರೆದು, ತಿದ್ದುಪಡಿಯ ಪಕ್ಕದಲ್ಲಿ ಚಿಕ್ಕ ಸಹಿ, ಕೆಳಗೆ ದೊಡ್ಡ ಸಹಿ, ಅದರ ಮೇಲೆ ಮೊಹರು ಒತ್ತಿದರು. ಟೈಪ್ ಮಾಡಿದ ನಾಲ್ಕು ಪುಟದಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವ ಶಬ್ದ ಈಗ ಅದೊಂದೇ.

ಹನ್ನೊಂದು ಐವತ್ತೆಂಟಕ್ಕೆ ಏಲಿಯಾಮ್ಮ ಹಾಜರಿ ಪುಸ್ತಕ ತಿರುಗಿಸಿ ಇಟ್ಟರು. ವಿಠಲ ಕೈಯನ್ನು ಪಂಚೆಗೆ ಒರೆಸಿಕೊಂಡು, ಪೂರ್ವಾಹ್ನ ಎಂದು ಬರೆದಿದ್ದ ಕಡೆ ತನ್ನ ಹೆಸರು ಬರೆದ.